ಕುಶಲನಾರು, ಅಕುಶಲನಾರು?

ಕೆಲವು ತಿಂಗಳ ಹಿಂದೆ ಕಾರ್ಯನಿಮಿತ್ತ ನಾಸಿಕದ ಅಂಬಡ್ ಕೈಗಾರಿಕಾ ವಸಾಹತಿಗೆ ಹೋಗಿದ್ದೆ. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮುಂದೆ ನಿಂತಿದ್ದ ಮಧ್ಯವಯಸ್ಕನೊಬ್ಬ ನನ್ನ ಮಾತಿನ ಧಾಟಿಯಿಂದಲೇ ಗುರುತು ಹಿಡಿದು, "ಸಾಹೇಬ್ರ, ನೀವು ಕನ್ನಡದವ್ರೇನ್ರೀ?" ಎಂದ. ಭಾಲ್ಕಿಯ ಕಡೆಯವನು. ಉಕ್ಕಿನ ದಂಡವನ್ನು ಕಡೆದು, ಮೈಕ್ರೋಮೀಟರಿನಿಂದ ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದೆ ಮತ್ತೆ ಯಂತ್ರಕ್ಕೆ ಏರಿಸುತ್ತಿದ್ದ. ಹೊಸದಾಗಿ ಸೇರಿದ ಹುಡುಗರಿಗೆ ಉಳಿ ಕಟ್ಟುವುದನ್ನು ಕಲಿಸುವವನೂ ಅವನೇ. ಆದರೆ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದ ಶಬ್ದ 'ಅಕುಶಲ'. "ಹದಿನಾಲ್ಕು ವರ್ಷ ಆತ್ರೀ, ಕಾಗದದಾಗ ಇನ್ನಾ ಹೆಲ್ಪರೇ ಇದ್ದೀನ್ರೀ" ಎಂದು ನಕ್ಕ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ತೋರಿಸಲು ಪ್ರಮಾಣಪತ್ರವಿರಲಿಲ್ಲ.

ಕೈಗೆ ಗಾಯವಾಗದಂತೆ ಹರಿತವಾದ ಕುಶವನ್ನು ಕೊಯ್ಯಬಲ್ಲವನು ಕುಶಲನೆಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಅಂದರೆ ಆ ಶಬ್ದಕ್ಕೆ ಕೈಯೇ ಪ್ರಮಾಣ, ಕಾಗದವಲ್ಲ. ಆಶ್ಚರ್ಯವೆಂದರೆ ಸರಕಾರದ ನಿಯಮಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತ ಬಂದಿವೆ. 1948ರ ಕನಿಷ್ಠ ವೇತನ ಕಾಯಿದೆಯ ಅಡಿಯಲ್ಲಿ ಕೇಂದ್ರವು ಹೊರಡಿಸುತ್ತಿದ್ದ ಅಧಿಸೂಚನೆಗಳಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ನಾಲ್ಕು ವರ್ಗಗಳಿದ್ದವು. ಮಹಾರಾಷ್ಟ್ರದ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಮೂರು. ಕೇಂದ್ರದ ವ್ಯಾಖ್ಯೆಯಂತೆ, ಕೆಲಸದ ಅನುಭವದಿಂದಲೋ ಶಿಶಿಕ್ಷು ತರಬೇತಿಯಿಂದಲೋ ತಾಂತ್ರಿಕ ಸಂಸ್ಥೆಯಿಂದಲೋ ಪಡೆದ ಸಾಮರ್ಥ್ಯವುಳ್ಳದ್ದು, ಸ್ವಂತ ವಿವೇಚನೆಯನ್ನು ಬೇಡುವಂಥದು 'ಕುಶಲ ಕೆಲಸ'. ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕು. ಅನುಭವಕ್ಕೂ ತರಬೇತಿಗೂ ನಡುವೆ ಇರುವುದು 'ಅಥವಾ'; 'ಮತ್ತು' ಅಲ್ಲ. ಎರಡನೆಯದಾಗಿ, ವರ್ಗೀಕರಣಗೊಳ್ಳುವುದು ಕೆಲಸ, ಮನುಷ್ಯನಲ್ಲ. ಆ ಕಾಯಿದೆಯ ಸ್ಥಾನಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯೂ ಈ ನಾಲ್ಕು ವರ್ಗಗಳನ್ನೇ ಉಳಿಸಿಕೊಂಡಿದೆ.

ಹಾಗಾದರೆ ತಪ್ಪುವುದೆಲ್ಲಿ? ಕಾಯಿದೆ ಕೆಲಸಕ್ಕೆ ಹಚ್ಚಿದ ಚೀಟಿಯನ್ನು ನಾವು ಮನುಷ್ಯನ ಹಣೆಗೆ ಅಂಟಿಸುತ್ತೇವೆ. ಸೇರಿದ ದಿನ 'ಅಕುಶಲ' ಎಂದು ಬರೆದದ್ದು ಅವನು ಕುಶಲನಾದ ಮೇಲೂ ಅಳಿಯುವುದಿಲ್ಲ. ಅಳಿಸಿದರೆ ಕೂಲಿ ಹೆಚ್ಚು ಕೊಡಬೇಕಾಗುತ್ತದೆ. ದೋಷ ಗುತ್ತಿಗೆದಾರನೊಬ್ಬನದೇ ಅಲ್ಲ. ಅಕುಶಲರು ಇಷ್ಟು ಮಂದಿ, ಕುಶಲರು ಇಷ್ಟು ಮಂದಿ ಎಂಬ ಪಟ್ಟಿಗಳಿಗೆ ಮೂವತ್ತು ವರ್ಷ ರುಜು ಹಾಕಿದವನು ನಾನೂ. ಅವರು ನಿಜವಾಗಿ ಯಾವ ಕೆಲಸ ಮಾಡುತ್ತಿದ್ದಾರೆಂದು ಒಮ್ಮೆಯೂ ಹೋಗಿ ನೋಡಲಿಲ್ಲ. 2004ರ ರಾಷ್ಟ್ರೀಯ ವೃತ್ತಿ ವರ್ಗೀಕರಣವಂತೂ ಕುಶಲತೆಯ ನಾಲ್ಕು ಮಟ್ಟಗಳನ್ನು ಔಪಚಾರಿಕ ಶಿಕ್ಷಣದ ವರ್ಷಗಳಿಂದಲೇ ಅಳೆಯಿತು: ಹತ್ತು ವರ್ಷಗಳವರೆಗಿನ ಶಿಕ್ಷಣದವರು ಮೊದಲ ಮೆಟ್ಟಿಲಲ್ಲಿ, ಹದಿನೈದನ್ನು ಮೀರಿದವರು ನಾಲ್ಕನೆಯದರಲ್ಲಿ.

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿ ಯೇವಲಾ ಸಿಗುತ್ತದೆ. ಅಲ್ಲಿ ಪೈಠಣಿ ಸೀರೆಯ ಸೆರಗನ್ನು ನೇಯುವವರು ಬಣ್ಣ ಬಣ್ಣದ ಎಳೆಗಳನ್ನು ಕೈಯಿಂದಲೇ ಒಂದಕ್ಕೊಂದು ಹೆಣೆದು, ಎರಡೂ ಬದಿಗೆ ಒಂದೇ ಚಿತ್ರ ಮೂಡಿಸುತ್ತಾರೆ. ಒಂದೊಂದು ಸೀರೆಗೆ ತಿಂಗಳುಗಳೇ ಹಿಡಿಯುವುದುಂಟು. ಶಾಲೆಯ ವರ್ಷಗಳನ್ನು ಎಣಿಸಿದರೆ ಇವರು ಯಾವ ಮೆಟ್ಟಿಲಿಗೆ ಬಂದಾರು? ಸಂಭಾಜಿನಗರವನ್ನು ದಾಟಿ ವೇರೂಳಕ್ಕೆ ಹೋದರೆ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೊರೆದ ಕೈಲಾಸವಿದೆ. ಅದು ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ್ದೆಂದು ನಾವು ಅತಿಥಿಗಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅದಕ್ಕೂ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ತೋರಿಸಿದ್ದಾರೆ. ಆ ವಿರೂಪಾಕ್ಷವನ್ನು ಕಟ್ಟಿದ ಸೂತ್ರಧಾರಿ ಗುಂಡನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಂದುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಎಂಟನೆಯ ಶತಮಾನದ ಅರಸುಮನೆ ಕೆಲಸವನ್ನು ನೋಡಿ ಪದವಿ ಕೊಟ್ಟಿತು; ನಾವು ಪದವಿಯನ್ನು ನೋಡಿ ಕೆಲಸವನ್ನು ಅಳೆಯುತ್ತಿದ್ದೇವೆ.

ಪ್ರಮಾಣಪತ್ರವೇ ಬೇಡವೆಂಬುದು ನನ್ನ ವಾದವಲ್ಲ. ನಾಸಿಕದ ಬಳಿಯ ಓಝರ್‌ನಲ್ಲಿ ಯುದ್ಧವಿಮಾನಗಳನ್ನು ಜೋಡಿಸುತ್ತಾರೆ. ಪರೀಕ್ಷೆಗೊಳಗಾಗದ ಕೈಗೆ ಆ ಕೆಲಸವನ್ನು ಯಾರೂ ಒಪ್ಪಿಸಲಾರರು. ಪರೀಕ್ಷೆ ಬೇಕು, ಆದರೆ ಅದು ಕೈಯ ಪರೀಕ್ಷೆಯಾಗಿರಬೇಕು. 2013ರಲ್ಲಿ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಕಲಿತದ್ದು ಎಲ್ಲಿ ಎಂಬುದಕ್ಕಿಂತ ಕಲಿತದ್ದೇನು ಎಂಬುದಕ್ಕೆ ಬೆಲೆ ಕೊಡುವ ಉದ್ದೇಶದ್ದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ದುಡಿದೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ 'ಪೂರ್ವಕಲಿಕೆಯ ಮಾನ್ಯತೆ'ಗೆ ಅವಕಾಶವಾಯಿತು. ಬಾಗಿಲು ತೆರೆದಿದೆ, ಬಾಗಿಲಿದೆಯೆಂಬುದೇ ಭಾಲ್ಕಿಯವನಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಪತ್ರ ಕೈಗೆ ಬಂದೊಡನೆ ಕೂಲಿ ಏರುವುದಿಲ್ಲ. ಹಾಜರಿ ಪುಸ್ತಕದ ಆ ಒಂದು ಶಬ್ದವೂ ಬದಲಾಗಬೇಕು. ಅದನ್ನು ಕೇಳಲು ಒಂಟಿ ಮನುಷ್ಯನಿಗೆ ಧೈರ್ಯ ಸಾಲದು.

ಇಲ್ಲಿ ನಮ್ಮಂಥ ಸಂಘಗಳಿಗೆ ಕೆಲಸವಿದೆ. ಬೀದರ, ಕಲಬುರಗಿ, ವಿಜಯಪುರಗಳಿಂದ ಬಂದ ಕಾರ್ಮಿಕರು ಸಾತಪುರ, ಅಂಬಡ್, ವಾಳೂಜಗಳ ಸುತ್ತ ನೆಲೆಸಿದ್ದಾರೆ. ತಿಂಗಳಿಗೊಂದು ಭಾನುವಾರ, ನಮ್ಮಲ್ಲಿರುವ ನಿವೃತ್ತ ಇಂಜಿನಿಯರರೂ ಕಾನೂನು ಬಲ್ಲವರೂ ಎರಡು ತಾಸು ಕುಳಿತು, ಅವರ ವೇತನ ಚೀಟಿಯನ್ನು ಕನ್ನಡದಲ್ಲಿ ಓದಿ ಹೇಳಿ, ಅರ್ಜಿ ಬರೆದುಕೊಟ್ಟರೆ ಅದೂ ನುಡಿಸೇವೆಯೇ.

ಅಂದು ಹೊರಡುವಾಗ ಆ ಭಾಲ್ಕಿಯವನಿಗೆ ನಮ್ಮ ರಾಜ್ಯೋತ್ಸವದ ದಿನ ಹೇಳಿ, ಮನೆಯವರೊಡನೆ ಬರಬೇಕೆಂದು ಕರೆದೆ. ಅವನು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ನಮ್ಮಂಥೋರು ಅಲ್ಲಿಗಿ ಬರಬೌದೇನ್ರೀ?" ಎಂದು ಕೇಳಿದ. ಹದಿನಾಲ್ಕು ವರ್ಷ ಇದೇ ಊರಿನಲ್ಲಿದ್ದ ಕನ್ನಡಿಗ ಹೀಗೆ ಕೇಳಬೇಕಾದರೆ, ನಮ್ಮ ಸಂಘದಲ್ಲಿಯೂ ಬರೆಯದ ಹಾಜರಿ ಪುಸ್ತಕವೊಂದು ಇದೆಯೆಂದೇ ಅರ್ಥ. ಮೊದಲು ತಿದ್ದಬೇಕಾದದ್ದು ಅದನ್ನು.