ದೋಣಿ ಮಗುಚಿದ ಮೇಲಿನ ಪಾಠಗಳು

ಬಂಡೆಗಳ ನಡುವೆ ನೊರೆಯೆಬ್ಬಿಸಿ ಧುಮುಕುವ ನದಿಯಲ್ಲಿ ಒಬ್ಬರೇ ಕುಳಿತು ಪುಟ್ಟ ದೋಣಿಯನ್ನು ನಡೆಸುವ ಕ್ರೀಡೆಯೇ ವೈಟ್‌ವಾಟರ್ ಕಯಾಕಿಂಗ್. ಅದನ್ನು ಕಲಿಯಲು ಬಂದವರಿಗೆ ಬಲ್ಲ ಶಿಕ್ಷಕರು ಮೊದಲು ಹೇಳಿಕೊಡುವುದು ದೋಣಿ ನಡೆಸುವುದನ್ನಲ್ಲ, ಮಗುಚಿದ ದೋಣಿಯಿಂದ ಹೊರಬರುವುದನ್ನು. ಕಯಾಕಿನಲ್ಲಿ ಕುಳಿತವರ ಸೊಂಟದಿಂದ ಕೆಳಗಿನ ಭಾಗವೆಲ್ಲ ದೋಣಿಯ ಒಳಗಿರುತ್ತದೆ. ನೀರು ಒಳನುಗ್ಗದಂತೆ ದೋಣಿಯ ಬಾಯಿಗೆ ಬಿಗಿಯುವ ಸ್ಪ್ರೇ ಸ್ಕರ್ಟ್ ಎಂಬ ಹೊದಿಕೆ ಅವರನ್ನೂ ದೋಣಿಯನ್ನೂ ಒಂದಾಗಿಸಿಬಿಡುತ್ತದೆ. ತಲೆಕೆಳಗಾದಾಗ ಮುಂದಕ್ಕೆ ಬಾಗಿ, ಹೊದಿಕೆಯ ಮುಂತುದಿಯ ಕುಣಿಕೆಯನ್ನು ಹುಡುಕಿ ಎಳೆದು, ದೋಣಿಯಿಂದ ಜಾರಿ ಹೊರಬರುವ ಕ್ರಮವನ್ನು ನಿಂತ ನೀರಿನಲ್ಲಿ ಮತ್ತೆ ಮತ್ತೆ ಮಾಡಿ, ಗಾಬರಿಯೇ ಆಗದಷ್ಟು ರೂಢಿಯಾದ ಮೇಲೆ ಮಾತ್ರ ಹರಿವ ನೀರಿಗೆ ಇಳಿಯಬೇಕು.

ಹೊರಬರದೆ, ಕುಳಿತಲ್ಲಿಂದಲೇ ದೋಣಿಯನ್ನು ನೆಟ್ಟಗೆ ತಿರುಗಿಸಿಕೊಳ್ಳುವ ರೋಲ್ ಎಂಬ ವಿದ್ಯೆ ಇದರ ನಂತರದ್ದು. ಹೆಪ್ಪುಗಟ್ಟಿಸುವ ಕಡಲಿನಲ್ಲಿ ಬೇಟೆಯಾಡುತ್ತಿದ್ದ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರಿಗೆ ನೀರಿಗೆ ಬಿದ್ದರೆ ಸಾವು ಖಚಿತವಾಗಿದ್ದುದರಿಂದ, ಸೀಲ್ ಚರ್ಮದ ದೋಣಿಯೊಂದಿಗೆ ಈ ವಿದ್ಯೆಯೂ ಅವರಲ್ಲಿ ಬೆಳೆದುಬಂದಿತ್ತು. ಯುರೋಪಿನವರ ಪೈಕಿ ಇದನ್ನು ಸ್ವಂತ ಪ್ರಯತ್ನದಿಂದ ಸಾಧಿಸಿದವರಲ್ಲಿ ಮೊದಲಿಗನೆಂದು ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾನನ್ನು ಹೆಸರಿಸುತ್ತಾರೆ, ಅದು 1927ರಲ್ಲಿ. ಹೊಸಬರು ಇಲ್ಲಿ ಸೋಲುವುದು ತೋಳಿನ ಬಲ ಸಾಲದೆ ಅಲ್ಲ. ಉಸಿರಿಗಾಗಿ ತವಕಿಸಿ ತಲೆಯನ್ನು ಮೊದಲು ಎತ್ತುವುದರಿಂದ ದೋಣಿ ಮತ್ತೆ ಮಗುಚುತ್ತದೆ. ಸೊಂಟದ ತಿರುವಿನಿಂದ ದೋಣಿ ಮೊದಲು ಏಳಬೇಕು, ತಲೆ ಎಲ್ಲಕ್ಕಿಂತ ಕೊನೆಗೆ ಬರಬೇಕು.

ನದಿಯ ಕಾಠಿಣ್ಯವನ್ನು ಒಂದರಿಂದ ಆರರವರೆಗಿನ ದರ್ಜೆಗಳಲ್ಲಿ ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯೊಂದು ಇದೆಯಾದರೂ, ಅಂಕಿಯನ್ನೇ ನಂಬಿ ನೀರಿಗಿಳಿಯುವುದು ಅಪಾಯಕರ, ಏಕೆಂದರೆ ಒಂದೇ ನದಿಯ ಒಂದೇ ತಿರುವು ನೀರು ಏರಿದಂತೆ ದರ್ಜೆಯನ್ನು ಬದಲಿಸುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅಡ್ಡ ಬಂದ ವಸ್ತುವಿನ ಮೇಲೆ ನೀರು ಹೇರುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರಿನಲ್ಲಿಯೂ ಎದ್ದು ನಿಲ್ಲಬಾರದೆಂಬ ನಿಯಮದ ಹಿಂದಿರುವುದು ಇದೇ. ಸೆಳವಿನಲ್ಲಿ ನಿಲ್ಲಹೋದವರ ಪಾದ ಬಂಡೆಗಳ ಸಂದಿಯಲ್ಲಿ ಸಿಕ್ಕಿದರೆ, ಹಿಂದಿನಿಂದ ಬರುವ ನೀರು ದೇಹವನ್ನು ಮುಂದಕ್ಕೆ ಮಡಚಿ ಮುಖವನ್ನು ಮುಳುಗಿಸಿಬಿಡುತ್ತದೆ. ಲೈಫ್ ಜಾಕೆಟ್ ಇದ್ದರೂ ಆಗ ಅದು ನೆರವಿಗೆ ಬಾರದು. ಆದ್ದರಿಂದ ನೀರಿಗೆ ಬಿದ್ದವರು ಬೆನ್ನ ಮೇಲೆ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ಮೇಲೆ ಕಾಣುವಂತೆ ತೇಲಬೇಕು. ಬಂಡೆಯ ಮರೆಯಲ್ಲಿ ನೀರು ಹಿಮ್ಮುಖವಾಗಿ ತಿರುಗಿ ಶಾಂತವಾಗುವ ಎಡ್ಡಿ ಎಂಬ ಜಾಗ ಕಂಡೊಡನೆ ಬೋರಲಾಗಿ ಬಲವಾಗಿ ಈಜಬೇಕು. ಈ ನಿಯಮಕ್ಕೂ ಒಂದು ಅಪವಾದವುಂಟು. ನೀರಿಗೆ ಅಡ್ಡಬಿದ್ದ ಮರದ ರೆಂಬೆಗಳು ನೀರನ್ನು ಬಿಟ್ಟು ದೇಹವನ್ನು ಹಿಡಿದಿಡುತ್ತವೆಯಾದ್ದರಿಂದ, ಅದನ್ನು ತಪ್ಪಿಸಲಾಗದಿದ್ದರೆ ತಲೆ ಮುಂದಾಗಿ ಈಜಿ ಮರದ ಮೇಲಕ್ಕೆ ಹತ್ತಿಕೊಳ್ಳಬೇಕು.

ದೊಡ್ಡ ಜಲಪಾತವನ್ನು ಕಂಡರೆ ಯಾರಾದರೂ ಹೆದರುತ್ತಾರೆ. ನುರಿತ ಕಯಾಕಿಗರು ಅದಕ್ಕಿಂತ ಹೆಚ್ಚಾಗಿ ಹೆದರುವುದು ನದಿಯ ಅಗಲಕ್ಕೂ ನೇರವಾಗಿ ಕಟ್ಟಿದ ತಗ್ಗಿನ ಒಡ್ಡಿಗೆ. ಒಡ್ಡಿನ ಮೇಲಿಂದ ಬಿದ್ದ ನೀರು ತಳಕ್ಕಿಳಿದು ತುಸು ಮುಂದೆ ಮೇಲೆದ್ದಾಗ, ಅದರ ಒಂದು ಪಾಲು ಮೇಲ್ಮೈಯಲ್ಲಿ ಒಡ್ಡಿನ ಕಡೆಗೇ ಹಿಂದಿರುಗುತ್ತದೆ. ಅದರಲ್ಲಿ ಸಿಕ್ಕಿದವರು ಮುಳುಗುತ್ತ, ಏಳುತ್ತ, ಮತ್ತೆ ಒಡ್ಡಿನ ಬುಡಕ್ಕೇ ಸೆಳೆಯಲ್ಪಡುತ್ತಾರೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ತೇಲುವ ಗುಣವೂ ಕುಗ್ಗಿರುತ್ತದೆ. ಪ್ರಕೃತಿ ನಿರ್ಮಿಸಿದ ಬಂಡೆಯ ಇಳಿಜಾರಿನಲ್ಲಿ ಎಲ್ಲಿಯಾದರೂ ಒಂದು ಬಿರುಕು, ಪಾರಾಗುವ ದಾರಿ ಇರುವುದುಂಟು; ಮನುಷ್ಯ ಕಟ್ಟಿದ ನೇರ ಗೋಡೆ ಆ ದಯೆಯನ್ನು ತೋರುವುದಿಲ್ಲ. ನಾಲೆಗೆ ನೀರು ತಿರುಗಿಸುವ ಕಟ್ಟೆಗಳೂ ಕಿಂಡಿ ಅಣೆಕಟ್ಟುಗಳೂ ಹೇರಳವಾಗಿರುವ ಕರ್ನಾಟಕದಲ್ಲಿ, ಕಯಾಕಿನ ಗೊಡವೆಯೇ ಇಲ್ಲದವರಿಗೂ ಈ ತಿಳಿವಳಿಕೆ ಬೇಕು.

ಮುಳುಗುತ್ತಿದ್ದವರನ್ನು ಉಳಿಸಲು ಹಾರಿದವರೂ ನೀರುಪಾಲಾದರೆಂಬ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಮರುಕವನ್ನು ಯಾರೂ ಹಳಿಯಲಾರರು. ಆದರೆ ರಕ್ಷಣಾಶಾಸ್ತ್ರದ ಕ್ರಮವೇ ಬೇರೆ. ಮೊದಲು ಕೂಗಿ ದಾರಿ ತೋರಿಸುವುದು, ಆಮೇಲೆ ಕೋಲನ್ನೋ ಹುಟ್ಟನ್ನೋ ಚಾಚುವುದು, ಅದೂ ಎಟುಕದಿದ್ದರೆ ಹಗ್ಗ ಎಸೆಯುವುದು, ಬಳಿಕ ದೋಣಿಯಲ್ಲಿ ಹೋಗುವುದು. ತಾನೇ ನೀರಿಗಿಳಿಯುವುದು ಕಟ್ಟಕಡೆಯ ಮಾರ್ಗ, ಅದೂ ತರಬೇತಾದವರಿಗೆ ಮಾತ್ರ. ಎಸೆಯುವ ಹಗ್ಗವೆಂದರೆ 15ರಿಂದ 20 ಮೀಟರಿನ, ನೀರಿನಲ್ಲಿ ತೇಲುವ ಪಾಲಿಪ್ರೊಪಿಲೀನ್ ಹಗ್ಗವನ್ನು ತುಂಬಿದ ಥ್ರೋ ಬ್ಯಾಗ್ ಎಂಬ ಚೀಲ. ಒಂದು ತುದಿಯನ್ನು ಹಿಡಿದು, ‘ಹಗ್ಗ’ ಎಂದು ಕೂಗಿ ಎಚ್ಚರಿಸಿ, ಈಜುವವರ ತಲೆಯಾಚೆಗೆ ಚೀಲವನ್ನು ಎಸೆದರೆ ಹಗ್ಗ ಅವರ ಮೇಲೆಯೇ ಬೀಳುತ್ತದೆ. ಅವರು ಚೀಲವನ್ನು ಬಿಟ್ಟು ಹಗ್ಗವನ್ನೇ ಹಿಡಿದು ಎದೆಗೊತ್ತಿಕೊಂಡು ಬೆನ್ನ ಮೇಲೆ ಮಲಗಿದರೆ, ಹರಿವೇ ಅವರನ್ನು ಲೋಲಕದಂತೆ ದಡಕ್ಕೆ ತೂಗಿ ತರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಇಬ್ಬರಿಗೂ ನಿಷಿದ್ಧ. ಎಸೆತ ತಪ್ಪಿದರೆ ಚೀಲಕ್ಕೆ ತುಸು ನೀರು ತುಂಬಿ, ಹಗ್ಗವನ್ನು ಸುರುಳಿ ಮಾಡಿ ಮತ್ತೆ ಎಸೆಯಬೇಕು.

ನಮ್ಮ ಹೊಳೆಗಳ ಸ್ವಭಾವವೂ ಒಂದೇ ಅಲ್ಲ. ಕೊಡಗಿನ ಬರಪೊಳೆ ಮುಂಗಾರಿನ ಮಳೆಯನ್ನು ನೆಚ್ಚಿದ ನದಿ; ದಾಂಡೇಲಿ ಸಮೀಪದ ಗಣೇಶಗುಡಿಯಲ್ಲಿ ಕಾಳಿ ನದಿಯ ಹರಿವನ್ನು ನಿರ್ಧರಿಸುವುದು ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ಬಿಡುವ ನೀರು, ಆದ್ದರಿಂದ ಅಲ್ಲಿ ಆಕಾಶ ತಿಳಿಯಾಗಿದ್ದಾಗಲೂ ಹೊಳೆ ಏರಬಹುದು. ಇಂಥ ಕಡೆ ದೋಣಿಯೇರಲು ಹೊರಟವರು ದರ ವಿಚಾರಿಸುವ ಮೊದಲು ಮೂರು ಪ್ರಶ್ನೆ ಕೇಳಲಿ: ಮಾರ್ಗದರ್ಶಕರು ರಕ್ಷಣಾ ತರಬೇತಿ ಪಡೆದಿದ್ದಾರೆಯೇ, ಥ್ರೋ ಬ್ಯಾಗ್ ಯಾರ ಕೈಯಲ್ಲಿರುತ್ತದೆ, ಇಂದಿನ ನೀರಿನ ಮಟ್ಟವೆಷ್ಟು? ಉತ್ತರಕ್ಕೆ ತಡವರಿಸುವವರ ದೋಣಿಯನ್ನು ಹತ್ತದಿರುವುದೇ ಲೇಸು.