ರೋಗಿಗಳಿಲ್ಲದ ಆಸ್ಪತ್ರೆ

1981ರಲ್ಲಿ ಬಿ.ಬಿ.ಸಿ. ಟೆಲಿವಿಷನ್ ಪ್ರಸಾರ ಮಾಡಿದ ‘ಯೆಸ್ ಮಿನಿಸ್ಟರ್’ ಪ್ರಹಸನಮಾಲೆಯ ಒಂದು ಕಂತಿನಲ್ಲಿ ವಿಚಿತ್ರವಾದ ಆಸ್ಪತ್ರೆಯೊಂದಿದೆ. ಅಲ್ಲಿ ನೌಕರರು ಐನೂರಕ್ಕೂ ಹೆಚ್ಚು. ವೈದ್ಯರಿಲ್ಲ, ದಾದಿಯರಿಲ್ಲ, ರೋಗಿಗಳಂತೂ ಇಲ್ಲವೇ ಇಲ್ಲ. ಆದರೂ ಶುಚಿತ್ವಕ್ಕಾಗಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಪಾರಿತೋಷಕಕ್ಕೆ ಅದು ಸ್ಪರ್ಧಿಸುತ್ತಿದೆ! ರೋಗಿಗಳು ಬಂದರೆ ಶುಚಿತ್ವ ಉಳಿದೀತು ಹೇಗೆ?

ಬ್ರಿಟನ್ನಿನಲ್ಲಿ 1948ರಿಂದ ನಡೆದು ಬಂದಿರುವ ರಾಷ್ಟ್ರೀಯ ಆರೋಗ್ಯ ಸೇವೆಯ ವಿಡಂಬನೆಯಿದು. ಇದನ್ನು ನೋಡಿ, ಸಾರ್ವಜನಿಕ ವೈದ್ಯಸೇವೆಯೇ ವ್ಯರ್ಥವೆಂದು ತೀರ್ಮಾನಿಸುವವರೂ ಉಂಟು. ನಾವು ಅದನ್ನು ಒಪ್ಪಲಾರೆವು. ಆ ಆಸ್ಪತ್ರೆಯ ಆಡಳಿತಗಾರರು ಸೋಮಾರಿಗಳಲ್ಲ, ಬಲು ಶ್ರದ್ಧಾವಂತರು. ಕೆಟ್ಟಿರುವುದು ಅವರ ಅಳತೆಗೋಲು. ನೆಲದ ಹೊಳಪನ್ನು ಅಳೆಯುವುದು ಸುಲಭ. ಎಷ್ಟು ಜನ ಗುಣಹೊಂದಿದರೆಂಬುದನ್ನು ಅಳೆಯುವುದು ಕಷ್ಟ, ಅನೇಕ ವೇಳೆ ಮುಜುಗರದ ಕೆಲಸವೂ ಹೌದು. ಖಾಸಗಿ ಆಸ್ಪತ್ರೆಯೂ ಈ ಪ್ರಲೋಭನೆಗೆ ಹೊರತಲ್ಲ.

ಪಾರಿತೋಷಕಕ್ಕೆ ಹೆಸರು ಕೊಟ್ಟ ಆ ಮಹಿಳೆ ಶುಚಿತ್ವದ ಪ್ರತಿಪಾದಕಿಯೇ ಸರಿ. ಆದರೆ ಕ್ರಿಮಿಯಾ ಯುದ್ಧದ ತರುವಾಯ, 1858ರಲ್ಲಿ, ಆಕೆ ರೇಖಾಚಿತ್ರಗಳಲ್ಲಿ ತೋರಿಸಿದ್ದು ತೊಳೆದ ನೆಲಗಳ ಲೆಕ್ಕವನ್ನಲ್ಲ. ಸತ್ತ ಸೈನಿಕರ ಲೆಕ್ಕವನ್ನು, ತಿಂಗಳು ತಿಂಗಳಾಗಿ, ಮರಣಕಾರಣಗಳ ಸಮೇತ. ಗಾಯಗಳಿಗಿಂತ, ತಡೆಯಬಹುದಾಗಿದ್ದ ರೋಗಗಳೇ ಬಹುಪಾಲು ಸೈನಿಕರನ್ನು ಕೊಂದಿದ್ದವೆಂಬುದು ಆ ಚಿತ್ರಗಳಲ್ಲಿ ಎದ್ದು ಕಾಣುತ್ತಿತ್ತು.