ನಂಬರ್ ಕೇಳಿದರೆ ‘ಯಾಕೆ?’ ಎಂದು ಕೇಳಿ



ಔಷಧಿ ಅಂಗಡಿಯಿರಲಿ, ಬಟ್ಟೆ ಮಳಿಗೆಯಿರಲಿ, ಕೌಂಟರಿನಲ್ಲಿ ಮೊದಲು ಬರುವ ಮಾತು ‘ಫೋನ್ ನಂಬರ್ ಹೇಳಿ’. ಹಿಂದೆ ಸಾಲು ಕಾಯುತ್ತಿರುತ್ತದೆ, ಹೇಳಿಬಿಡುತ್ತೇವೆ. ಆಮೇಲೆ ಸಾಲ ಬೇಕಾ, ಸೈಟ್ ಬೇಕಾ ಎಂಬ ಕರೆಗಳ ಕಾಟ. ನಂಬರ್ ಕೊಡದಿದ್ದರೆ ಬಿಲ್ ಇಲ್ಲ ಎಂದು ಹಟ ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿದೆ. ‘ನಂಬರ್ ಕೊಡಲ್ಲ, ಬಿಲ್ ಕೊಡಿ’ ಎನ್ನಲು ಯಾರೂ ಅಂಜಬೇಕಿಲ್ಲ.

ಈ ಧೈರ್ಯಕ್ಕೆ ದೊಡ್ಡ ಆಸರೆಯೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ ಎಂಬತ್ತು ದಾಟಿದ ವಯಸ್ಸಿನಲ್ಲಿ.

ನಾವು ವ್ಯಾಪಾರದ ವೈರಿಗಳಲ್ಲ. ಬೆಂಗಳೂರಿನ ಎಷ್ಟೋ ಮನೆಗಳ ಒಲೆ ಉರಿಯುವುದೇ ಆ್ಯಪ್ ಕಂಪನಿಗಳ ಸಂಬಳದಿಂದ. ಊಟ ತರುವವರಿಗೆ ವಿಳಾಸ ಬೇಕು, ಕೊಡೋಣ. ಕೆಲಸಕ್ಕೆ ಬೇಕಾದಷ್ಟೇ ಕೇಳಲಿ, ಕೇಳಿದ ಕೆಲಸಕ್ಕಷ್ಟೇ ಬಳಸಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದಾಹರಣೆ ಕೊಟ್ಟು ಹೇಳುವುದೂ ಇದನ್ನೇ: ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ನೀವು ಎರಡಕ್ಕೂ ಒಪ್ಪಿಬಿಟ್ಟಿರಿ ಅನ್ನಿ, ಆಗಲೂ ಆ ಒಪ್ಪಿಗೆ ವೈದ್ಯರ ಸಲಹೆಗೆ ಮಾತ್ರ ಸಲ್ಲುತ್ತದೆ. ಇಂಥ ನಿಯಮ ಬಿಗಿಯಾದಷ್ಟೂ ಗಿರಾಕಿಯ ಮಾಹಿತಿ ಮಾರದೆ ಬದುಕುವ ವ್ಯಾಪಾರಿಗೇ ಅನುಕೂಲ.

ಕಾಯ್ದೆಯಲ್ಲಿ ದೊಡ್ಡದೊಂದು ತೂತೂ ಇದೆ. ಮಾಹಿತಿ ಕಾಪಾಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಆ ಹಣ ಸೇರುವುದು ಸರ್ಕಾರದ ಖಜಾನೆಗೆ. ಮಾಹಿತಿ ಸೋರಿ ಖಾತೆಯ ದುಡ್ಡು ಕಳೆದುಕೊಂಡ ಅಜ್ಜಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಹಿಂದಿನ ಐಟಿ ಕಾಯ್ದೆಯ 43ಎ ಕಲಮಿನಲ್ಲಿ ಪರಿಹಾರ ಕೇಳುವ ದಾರಿಯಾದರೂ ಇತ್ತು. ಹೊಸ ಕಾಯ್ದೆ ಅದನ್ನೇ ಕಿತ್ತುಹಾಕುತ್ತದೆ, ಸುಳ್ಳು ದೂರು ಕೊಟ್ಟರೆ 10,000 ರೂಪಾಯಿವರೆಗೆ ದಂಡ ಎಂದು ನಮ್ಮನ್ನೇ ಹೆದರಿಸುತ್ತದೆ. ಇದು ಅನ್ಯಾಯ. ಈ ಕಾಯ್ದೆಯ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಇದೇ ಕಾಯ್ದೆಯಲ್ಲಿರುವ, ಮಾಹಿತಿ ಹಕ್ಕು ಕಾಯ್ದೆಯನ್ನು ಮೊಟಕುಗೊಳಿಸುವ ತಿದ್ದುಪಡಿ ಆಗಲೇ ಜಾರಿಯಾಯಿತು. ಕಂಪನಿಗಳ ಹೊಣೆಗೆ ಮಾತ್ರ 18 ತಿಂಗಳ ಗಡುವು!

ಗಡುವು ಕಂಪನಿಗಳಿಗಿರಲಿ, ನಾವು ಇಂದೇ ಶುರು ಮಾಡೋಣ. ಕೌಂಟರಿನಲ್ಲಿ ನಂಬರ್ ಕೇಳಿದರೆ ಯಾಕೆಂದು ಕೇಳಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಕೊಡಿ ಎನ್ನಿ. ಸಂವಿಧಾನದ 8ನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಅದನ್ನು ಓದುವ ಅವಕಾಶ ಕೊಡಬೇಕೆಂದು ಕಾಯ್ದೆಯೇ ಹೇಳಿದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಅದರಲ್ಲಿ ದಾರಿಯಿದೆ. ಹಾಗೆಯೇ ನಿಮ್ಮ ಸಂಸದರಿಗೆ ಒಂದು ಕಾಗದ ಬರೆಯಿರಿ: ಮಾಹಿತಿ ಸೋರಿ ನಷ್ಟವಾದವರಿಗೆ ಪರಿಹಾರದ ಹಕ್ಕನ್ನು ಕಾಯ್ದೆಯಲ್ಲಿ ಸೇರಿಸಿ, ಮುಂದಿನ ಅಧಿವೇಶನದಲ್ಲೇ ಈ ಮಾತು ಎತ್ತಿ.